ರಜೆಗೆ ಕೊಟ್ಟ ಒಪ್ಪಿಗೆಯ ಮೇಲೆ ಕಟ್ಟಿದ ಪ್ರಕರಣ: ನನ್ನ ಅನುಭವ

ಶಾಲಾ ರಜೆಗೆಂದು ಇಂಗ್ಲೆಂಡಿನಿಂದ ಉಡುಪಿಗೆ ಬಂದ ತಾಯಿ ಮಗುವನ್ನು ಇಲ್ಲಿಯೇ ಉಳಿಸಿಕೊಂಡಾಗ, ತಂದೆಯ ಪರ ವಾದವನ್ನು ಅವರು ಸಹಿ ಮಾಡಿ ಕೊಟ್ಟಿದ್ದ ಒಪ್ಪಿಗೆ ಪತ್ರದ ಮೇಲೆಯೇ ಕಟ್ಟುತ್ತೇನೆ ಎಂದೆ. ಮಂಗಳೂರಿನ ವಕೀಲ ಮಿತ್ರರಲ್ಲಿ ಹೆಚ್ಚಿನವರು ಅದು ನಿಲ್ಲುವುದಿಲ್ಲ ಎಂದರು. ಒಂದು ದೇಶದಿಂದ ಇನ್ನೊಂದಕ್ಕೆ ಅಕ್ರಮವಾಗಿ ಒಯ್ದ ಅಥವಾ ಉಳಿಸಿಕೊಂಡ ಮಕ್ಕಳನ್ನು ಹಿಂದಿರುಗಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠವು ವಿದೇಶಿ ನ್ಯಾಯಾಲಯದ ಆದೇಶವನ್ನು ಪರಿಗಣಿಸಬೇಕಾದ ಅಂಶಗಳಲ್ಲಿ ಒಂದೆಂದಷ್ಟೇ ಹೇಳಿ, ಮಗುವಿನ ಹಿತವನ್ನೇ ಮೇಲಿಟ್ಟಿತು. ಆದರೂ ಹೈಕೋರ್ಟು ಮಗುವನ್ನು ತಾಯಿಯೊಂದಿಗೇ ಇಂಗ್ಲೆಂಡಿಗೆ ಹಿಂದಿರುಗಿಸುವಂತೆ ಆದೇಶಿಸಿತು.

ಇದಕ್ಕೆ ಮೊದಲಿನ ಪ್ರಕರಣಗಳು ಕೈಗೂಡಿರಲಿಲ್ಲ. ಒಂದರಲ್ಲಿ ಮಕ್ಕಳ ಪಾಲನೆಗೆ ಸಂಬಂಧಿಸಿದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಅರ್ಜಿ ಹಾಕಿದೆವು. ಮಗು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯಕ್ಕೇ ಅಧಿಕಾರ ಎನ್ನುವ ಒಂಬತ್ತನೇ ಕಲಮಿನ ‘ಸಾಮಾನ್ಯ ವಾಸ’ದ ಚರ್ಚೆಯಲ್ಲೇ ವರ್ಷದ ಬಹುಭಾಗ ಕಳೆಯಿತು, ಅಷ್ಟರಲ್ಲಿ ಮಗು ಇಲ್ಲಿನ ಶಾಲೆಗೆ ಒಗ್ಗಿಹೋಗಿತ್ತು, ಕಕ್ಷಿದಾರರಿಗೆ ಸುಮಾರು ಮೂರು ಲಕ್ಷ ರೂಪಾಯಿ ಖರ್ಚಾಗಿತ್ತು. ಇನ್ನೊಂದರಲ್ಲಿ ಸಂಸಾರ ಉಳಿಯಲೆಂದು ತಂದೆ ಕಳುಹಿಸಿದ ‘ಇನ್ನೂ ಸ್ವಲ್ಪ ದಿನ ಇರಲಿ’ ಎಂಬ ಸಂದೇಶವನ್ನೇ ಎದುರಿನವರು ಮಗು ಇಲ್ಲೇ ಉಳಿಯುವುದಕ್ಕೆ ಮೌನ ಸಮ್ಮತಿಯೆಂದು ಮುಂದಿಟ್ಟರು.

ಈ ಬಾರಿ ವಿದೇಶಿ ಆದೇಶವನ್ನು ಹಿಂದಕ್ಕಿಟ್ಟು, ಒಪ್ಪಿಗೆ ಎಷ್ಟು ದಿನಕ್ಕೆ, ಯಾವ ಉದ್ದೇಶಕ್ಕೆ ಎಂಬುದನ್ನೇ ಹೇಬಿಯಸ್ ಕಾರ್ಪಸ್ (ಅಕ್ರಮವಾಗಿ ಇರಿಸಿಕೊಂಡವರನ್ನು ಕೋರ್ಟಿನ ಮುಂದೆ ತರಿಸುವ) ಅರ್ಜಿಯ ಬೆನ್ನೆಲುಬಾಗಿಸಿದೆ. ಒಪ್ಪಿಗೆ ಪತ್ರ, ಹಿಂತಿರುಗುವ ಟಿಕೆಟು, ಇಂಗ್ಲೆಂಡಿನ ಶಾಲೆಯ ರಜಾ ಪತ್ರ, ಗಡುವು ಮುಗಿದೊಡನೆ ತಂದೆ ಕಳುಹಿಸಿದ ಆಕ್ಷೇಪದ ಸಂದೇಶ ಇವುಗಳನ್ನು ದಿನಾಂಕದ ಪ್ರಕಾರ ಒಂದೇ ಹಾಳೆಯಲ್ಲಿ ಜೋಡಿಸಿದೆ. ವಾಟ್ಸಾಪ್ ಸಂದೇಶಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಎಲೆಕ್ಟ್ರಾನಿಕ್ ದಾಖಲೆಗಳಿಗೆ ಕೇಳುವ ಪ್ರಮಾಣಪತ್ರ ಬೇಕಾಗಿದ್ದು, ತಜ್ಞರ ಭಾಗಕ್ಕೆ ಹದಿನೈದು ಸಾವಿರದ ಆಸುಪಾಸು ತಗಲಿತು. ಮೌನ ಸಮ್ಮತಿಯ ಪ್ರಶ್ನೆಗೆ ಬ್ರಿಟನ್ನಿನ ಅಂದಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1997ರಲ್ಲಿ ಹೇಳಿದ ಮಾತನ್ನೇ, ಇಲ್ಲಿ ಕಡ್ಡಾಯವಲ್ಲದಿದ್ದರೂ ಮನವೊಲಿಸಬಲ್ಲ ಆಧಾರವಾಗಿಟ್ಟೆ: ಮಗುವಿನಿಂದ ದೂರ ಉಳಿದ ಪೋಷಕರ ನಿಜವಾದ ಮನಸ್ಸು ಏನಿತ್ತು ಎಂಬುದೇ ಮುಖ್ಯ, ರಾಜಿಯ ಆಸೆಯಿಂದ ಬರೆದ ಮಾತನ್ನು ಸಮ್ಮತಿಯೆಂದು ಸುಲಭವಾಗಿ ಓದಬಾರದು.

ಆದರೆ ತೂಕ ಬಂದದ್ದು ತಂದೆಯ ಮುಚ್ಚಳಿಕೆಯಿಂದ. ತಾಯಿಗೆ ಪ್ರತ್ಯೇಕ ಮನೆ, ಪ್ರಯಾಣ ವೆಚ್ಚ, ಅಪಹರಣದ ದೂರು ಮುಂದುವರಿಸದಿರುವುದು, ಅಲ್ಲಿನ ನ್ಯಾಯಾಲಯ ಕೇಳುವ ತನಕ ಮಗು ತಾಯಿಯ ಬಳಿ ಇರುವುದು ಇವನ್ನು ನಾವೇ ಮೊದಲು ಬರೆದುಕೊಟ್ಟೆವು. ಅದರಲ್ಲಿ ಇನ್ನೊಂದು ಷರತ್ತೂ ಇತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಮಗುವಿನ ಹಿತದ ಚರ್ಚೆ ನಮ್ಮ ಕಡೆಗೆ ತಿರುಗಿದ್ದು ಅಲ್ಲಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಓಡಾಟ, ಹಿರಿಯ ವಕೀಲರ ಶುಲ್ಕ ಸೇರಿ ಒಟ್ಟು ಎಂಟು ಲಕ್ಷದ ಸುತ್ತ ಆಗಿರಬೇಕು.

ಅದೇ ಒಪ್ಪಿಗೆ ಪತ್ರದ ಮಾದರಿಯನ್ನು ದುಬೈಯಲ್ಲಿರುವ ನಮ್ಮ ಕೆಲವು ಕುಟುಂಬಗಳಿಗೂ ಬರೆದುಕೊಟ್ಟೆ. ಅಲ್ಲಿ ಆರು ತಿಂಗಳು ಹೊರಗಿದ್ದರೆ ವಾಸದ ವೀಸಾಕ್ಕೆ ತೊಂದರೆಯಾಗುವುದರಿಂದ, ಹಿಂತಿರುಗುವ ಗಡುವನ್ನು ಅದಕ್ಕಿಂತ ಒಂದು ತಿಂಗಳು ಮೊದಲೇ ಇಡುತ್ತೇನೆ, ತಂದೆ ತಾಯಿ ಇಬ್ಬರ ಸಹಿಯನ್ನೂ ಒಂದೇ ದಿನ ಹಾಕಿಸುತ್ತೇನೆ.