ಹಕ್ಕಿ ಮಸುಕಾಗಿ ಬಂತಾ? ಲೆನ್ಸ್ ಬದಲಿಸುವ ಮೊದಲು ಕಾರಣ ಹುಡುಕಿ

ಮೈಸೂರಿನವರಿಗೆ ಹಕ್ಕಿ ಫೋಟೊದ ಹುಚ್ಚು ಹತ್ತೋದು ಬಹಳ ಸುಲಭ. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳು ಊರಲ್ಲೇ ಇವೆ. ಶ್ರೀರಂಗಪಟ್ಟಣದ ಕಡೆ ಬೈಕ್ ತಿರುಗಿಸಿದರೆ ರಂಗನತಿಟ್ಟು, ಮದ್ದೂರಿನ ಕಡೆ ಹೋದರೆ ಕೊಕ್ಕರೆ ಬೆಳ್ಳೂರು. ಹಕ್ಕಿಗೇನೂ ಬರ ಇಲ್ಲ. ಆದರೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಗರಿಯ ಎಳೆ ಕಾಣಲ್ಲ, ಕಣ್ಣಲ್ಲಿ ಹೊಳಪಿಲ್ಲ, ಎಲ್ಲ ಮಸುಕು ಮಸುಕು. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಇನ್ನೂ ದೊಡ್ಡ ಲೆನ್ಸಿನ ಬೆಲೆ ವಿಚಾರಿಸೋದು. ದಯವಿಟ್ಟು ಸ್ವಲ್ಪ ತಡೆಯಿರಿ. ನಿಮ್ಮ ಹತ್ತಿರ ಇರುವ 70-300 ಎಂಎಂ ಜೂಮ್ ಲೆನ್ಸಿನಲ್ಲೇ ಈಗಿನದಕ್ಕಿಂತ ಎಷ್ಟೋ ಚೆನ್ನಾಗಿರುವ ಚಿತ್ರ ಬರುತ್ತೆ. ಚಿತ್ರ ಯಾಕೆ ಕೆಟ್ಟಿತು ಅಂತ ಮೊದಲು ಗೊತ್ತಾಗಬೇಕು, ಅಷ್ಟೇ.

ಕೆಟ್ಟ ಚಿತ್ರವನ್ನು ಅಳಿಸಬೇಡಿ, ಓದಿ

ಒಂದು ಮಸುಕಾದ ಚಿತ್ರ ತೆಗೆದುಕೊಂಡು ಶೇ 100ಕ್ಕೆ ಹಿಗ್ಗಿಸಿ. ಅದಕ್ಕಿಂತ ಜಾಸ್ತಿ ಬೇಡ, 200ಕ್ಕೆ ಹಿಗ್ಗಿಸಿದರೆ ಯಾರ ಚಿತ್ರವೂ ಚೆನ್ನಾಗಿ ಕಾಣಲ್ಲ. ಈಗ ಹಕ್ಕಿಯನ್ನು ಬಿಟ್ಟು ಅದರ ಸುತ್ತಮುತ್ತ ನೋಡಿ. ನೀರಿನ ಮೇಲಿನ ಹೊಳೆಯುವ ಚುಕ್ಕೆಗಳು, ಕೊಂಬೆಯ ಅಂಚು, ಎಲೆ, ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಅಲ್ಲಾಡಿದ್ದು ನಿಮ್ಮ ಕೈ. ಕೊಂಬೆ ಚೆನ್ನಾಗಿದೆ, ಹಕ್ಕಿಯ ತಲೆಯೋ ರೆಕ್ಕೆಯೋ ಮಾತ್ರ ಕದಡಿದೆ ಅಂದರೆ ಅಲ್ಲಾಡಿದ್ದು ಹಕ್ಕಿ. ಹಕ್ಕಿ ಮಸುಕು, ಆದರೆ ಮುಂದಿನ ಜೊಂಡೋ ಹಿಂದಿನ ಎಲೆಯೋ ಸ್ಪಷ್ಟವಾಗಿದೆ ಅಂದರೆ ಫೋಕಸ್ ತಪ್ಪಿದೆ. ಎಲ್ಲೂ ಯಾವುದೂ ಸ್ಪಷ್ಟ ಇಲ್ಲ, ಒಂದು ದಿಕ್ಕಿಗೆ ಎಳೆದ ಹಾಗೂ ಇಲ್ಲ, ಅಂಚೆಲ್ಲ ಕರಗಿದ ಹಾಗಿದೆ ಅಂದರೆ ಅದು ಬಿಸಿಗಾಳಿಯ ಕೆಲಸ. ರವೆ ಚೆಲ್ಲಿದ ಹಾಗೆ ಕಾಳುಕಾಳಾಗಿದ್ದರೆ ಬೆಳಕು ಸಾಕಾಗಿಲ್ಲ.

ಈ ಐದರಲ್ಲಿ ನಿಮ್ಮ ಚಿತ್ರಗಳಲ್ಲಿ ಪದೇ ಪದೇ ಕಾಣೋದು ಯಾವುದು ಅಂತ ಕಂಡುಕೊಂಡರೆ ಅರ್ಧ ಕೆಲಸ ಆದ ಹಾಗೆ, ಯಾಕಂದರೆ ಒಂದೊಂದಕ್ಕೂ ಮದ್ದು ಬೇರೆ. ಕೈ ಅಲ್ಲಾಡುವವರು ಎಷ್ಟು ದುಬಾರಿ ಲೆನ್ಸ್ ತಂದರೂ ಅದೂ ಅಲ್ಲಾಡುತ್ತೆ.

ಶಟರ್ ವೇಗ ಮೊದಲು, ಉಳಿದದ್ದು ಆಮೇಲೆ

ಹೆಚ್ಚಿನವರ ಸಮಸ್ಯೆ ಇದೇ. ಶಟರ್ ವೇಗ ಅಂದರೆ ಚಿತ್ರ ತೆಗೆಯುವಾಗ ಕ್ಯಾಮೆರಾ ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಡುತ್ತೆ ಅನ್ನೋದು. ಹಳೇ ಲೆಕ್ಕ ಒಂದಿದೆ: ಲೆನ್ಸ್ 300 ಎಂಎಂ ಇದ್ದರೆ ಶಟರ್ ವೇಗ ಕನಿಷ್ಠ 1/300 ಸೆಕೆಂಡ್. ಆದರೆ ಹವ್ಯಾಸಿಗಳ ಹತ್ತಿರ ಸಾಮಾನ್ಯವಾಗಿ ಇರೋದು ಚಿಕ್ಕ ಸೆನ್ಸರಿನ ಕ್ಯಾಮೆರಾ, ಅದರಲ್ಲಿ ಒಂದೂವರೆ ಪಟ್ಟು ಲೆಕ್ಕ ಹಾಕಬೇಕು, ಅಂದರೆ 1/500. ಇದು ನೆಲದ ಮೇಲೆ ಗಟ್ಟಿಯಾಗಿ ನಿಂತಿದ್ದಾಗ. ರಂಗನತಿಟ್ಟಿನ ದೋಣಿಯಲ್ಲಿ ಕೂತಿದ್ದರೆ ಕೈಯ ಜೊತೆ ದೋಣಿಯೂ ಅಲ್ಲಾಡುತ್ತೆ, ಅಲ್ಲಿ 1/1000ಕ್ಕಿಂತ ಕೆಳಗೆ ಇಳಿಯಲೇಬೇಡಿ. ನೀರಿನ ಮೇಲೆ ಸರ್ರನೆ ತಿರುಗುವ ರೀವ ಹಕ್ಕಿಗೆ 1/2000 ಅಥವಾ ಇನ್ನೂ ಜಾಸ್ತಿ ಬೇಕು. ಲೆನ್ಸಿನಲ್ಲಿ ಸ್ಟೆಬಿಲೈಸರ್ ಇದೆಯಲ್ಲ ಅಂತ ನೀವು ಕೇಳಬಹುದು. ಅದು ಕೈಯ ನಡುಕವನ್ನು ತಡೆಯುತ್ತೆ, ಹಕ್ಕಿಯ ಓಡಾಟವನ್ನು ತಡೆಯಲ್ಲ.

ಹೊಂದಿಸೋದು ಹೀಗೆ. ಕ್ಯಾಮೆರಾವನ್ನು ಮ್ಯಾನ್ಯುಯಲ್‌ಗೆ ಹಾಕಿ, ಶಟರ್ ವೇಗ ನೀವೇ ಇಡಿ, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು) ಎಫ್/5.6 ಅಥವಾ ಎಫ್/8 ಇಡಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊಗೆ ಬಿಟ್ಟು ಅದರ ಮೇಲ್ಮಿತಿ 3200ಕ್ಕೆ ಕಟ್ಟಿ. ಹೊಸ ಕ್ಯಾಮೆರಾ ಆದರೆ 6400 ಕೂಡ ನಡೆಯುತ್ತೆ. ಕಡಿಮೆ ಬೆಲೆಯ ಜೂಮ್ ಲೆನ್ಸ್‌ಗಳು 300ರ ತುದಿಯಲ್ಲಿ ಪೂರ್ತಿ ತೆರೆದಾಗ ಸ್ವಲ್ಪ ಮಂಕು, ಎಫ್/8ಕ್ಕೆ ಇಳಿಸಿದರೆ ಗರಿಗಳು ಎದ್ದು ಕಾಣುತ್ತವೆ. ಬೇಕಿದ್ದರೆ ಗೋಡೆಗೆ ಈ ಪತ್ರಿಕೆಯನ್ನೇ ಅಂಟಿಸಿ ಎರಡೂ ರೀತಿ ತೆಗೆದು ಅಕ್ಷರಗಳನ್ನು ಹೋಲಿಸಿ ನೋಡಿ.

ಐಎಸ್ಒ ಜಾಸ್ತಿ ಆದರೆ ಚಿತ್ರ ಕೆಡುತ್ತೆ ಅನ್ನೋ ಭಯ ತುಂಬಾ ಜನಕ್ಕಿದೆ. ನಿಜ ಹೇಳಬೇಕೆಂದರೆ, ಐಎಸ್ಒ 400ರಲ್ಲಿ ಕತ್ತಲಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿದ ಚಿತ್ರಕ್ಕಿಂತ, 1600ರಲ್ಲಿ ಸರಿಯಾದ ಬೆಳಕಿಗೆ ತೆಗೆದ ಚಿತ್ರವೇ ಸಾಮಾನ್ಯವಾಗಿ ಮೇಲು. ಕಾಳುಗಳನ್ನು ಆಮೇಲೆ ತೆಗೆಯಬಹುದು, ಅಲ್ಲಾಡಿದ್ದನ್ನು ಸರಿ ಮಾಡೋದು ಬಹಳ ಕಷ್ಟ.

ಇನ್ನು ಹಿಡಿಯುವ ಬಗೆ. ಎಡಗೈ ಲೆನ್ಸಿನ ಕೆಳಗಿರಲಿ, ಮೊಣಕೈಗಳು ಎದೆಗೆ ಒತ್ತಿರಲಿ, ಉಸಿರು ಅರ್ಧ ಬಿಟ್ಟು ಬಟನ್ ಮೆತ್ತಗೆ ಒತ್ತಿ. ಒಂದೇ ಸಲಕ್ಕೆ ಮೂರ್ನಾಲ್ಕು ಚಿತ್ರ ಓಡಲಿ, ಒತ್ತುವಾಗಲೂ ಬಿಡುವಾಗಲೂ ಕೈ ಅಲ್ಲಾಡೋದರಿಂದ ನಡುವಿನದು ಸಾಮಾನ್ಯವಾಗಿ ಚೆನ್ನಾಗಿರುತ್ತೆ. ಬಟ್ಟೆ ಚೀಲಕ್ಕೆ ಒಂದೆರಡು ಸೇರು ರಾಗಿ ತುಂಬಿ ಬಾಯಿ ಹೊಲಿದುಬಿಟ್ಟರೆ ಕಾರಿನ ಕಿಟಕಿ ಮೇಲೋ ಕೆರೆ ಏರಿಯ ಕಲ್ಲಿನ ಮೇಲೋ ಲೆನ್ಸ್ ಊರೋದಕ್ಕೆ ಅದಕ್ಕಿಂತ ಒಳ್ಳೆ ಸಾಧನ ಬೇಡ.

ಫೋಕಸ್ ಕಣ್ಣಿನ ಮೇಲೆ

ಇದಕ್ಕೆ ಹೆಚ್ಚು ಮಾತು ಬೇಡ. ಎಲ್ಲ ಫೋಕಸ್ ಬಿಂದುಗಳನ್ನೂ ಕ್ಯಾಮೆರಾಗೆ ಬಿಟ್ಟರೆ ಅದು ಹತ್ತಿರದ ಜೊಂಡನ್ನೇ ಹಿಡಿಯುತ್ತೆ. ಒಂದೇ ಬಿಂದು ಆರಿಸಿ, ಹಕ್ಕಿ ಸರಿದಂತೆ ತಾನೂ ಸರಿಯುವ ಕಂಟಿನ್ಯುಯಸ್ ಫೋಕಸ್‌ಗೆ ಹಾಕಿ, ಕಣ್ಣಿನ ಮೇಲಿಡಿ. ಹಕ್ಕಿಯ ಕಣ್ಣನ್ನು ತಾನೇ ಗುರುತಿಸುವ ಕ್ಯಾಮೆರಾ ಇದ್ದರೆ ಇನ್ನೂ ಸಲೀಸು.

ಬಿಳಿ ಹಕ್ಕಿಯ ಪಾಡು

ನಮ್ಮ ಕಡೆ ಬೆಳ್ಳಕ್ಕಿ, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಹೀಗೆ ಬಿಳಿ ಹಕ್ಕಿಗಳೇ ಜಾಸ್ತಿ, ಹಾಗಾಗಿ ಇದನ್ನು ನಿಧಾನವಾಗಿ ಓದಿ. ಕ್ಯಾಮೆರಾ ಇಡೀ ಚೌಕಟ್ಟಿನ ಬೆಳಕನ್ನು ಅಳೆದು ಸರಾಸರಿ ಬೂದುಬಣ್ಣಕ್ಕೆ ತರಲು ನೋಡುತ್ತೆ. ರಂಗನತಿಟ್ಟಿನಲ್ಲಿ ಕಡುಹಸಿರು ಮರದ ಮುಂದೆ ಬೆಳ್ಳಕ್ಕಿ ಕೂತಿದೆ ಅಂದುಕೊಳ್ಳಿ. ಹಿನ್ನೆಲೆ ಕಪ್ಪಾಗಿದೆ ಅಂತ ಕ್ಯಾಮೆರಾ ಬೆಳಕು ಹೆಚ್ಚಿಸುತ್ತೆ, ಹಕ್ಕಿ ಸುಣ್ಣ ಬಳಿದ ಹಾಗಾಗುತ್ತೆ, ಒಂದು ಗರಿಯೂ ಕಾಣಲ್ಲ. ಅಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾದ ಬೆಳಕಿನ ಲೆಕ್ಕವನ್ನು ನಾವೇ ಹೆಚ್ಚು ಕಡಿಮೆ ಮಾಡುವ ಸೌಲಭ್ಯ) ಮೈನಸ್ ಕಡೆಗೆ, ಸುಮಾರು ಒಂದು ಸ್ಟಾಪ್, ಅಂದರೆ ಬೆಳಕು ಅರ್ಧ ಆಗುವಷ್ಟು ಇಳಿಸಿ. ಕೊಕ್ಕರೆ ಬೆಳ್ಳೂರಿನಲ್ಲಿ ಇದರ ಉಲ್ಟಾ. ಅಲ್ಲಿ ಹಕ್ಕಿಗಳು ಮನೆಗಳ ನಡುವಿನ ಹುಣಸೆ ಮರದ ಮೇಲೆ, ನೀವು ಕೆಳಗೆ, ಹಿಂದೆ ಬೆಳ್ಳಗಿನ ಆಕಾಶ. ಕ್ಯಾಮೆರಾ ಬೆಳಕು ತಗ್ಗಿಸಿ ಹಕ್ಕಿಯನ್ನು ಮಸಿ ಮಾಡುತ್ತೆ. ಅಲ್ಲಿ ಪ್ಲಸ್ ಒಂದು, ಒಮ್ಮೊಮ್ಮೆ ಪ್ಲಸ್ ಒಂದೂವರೆ. ಬೆಳಕು ಮಿತಿ ಮೀರಿದ ಜಾಗ ಮಿಣುಕಿ ತೋರಿಸುವ ಸೂಚನೆ ಹೆಚ್ಚಿನ ಕ್ಯಾಮೆರಾಗಳಲ್ಲಿದೆ, ಅದನ್ನು ಆನ್ ಮಾಡಿಕೊಳ್ಳಿ. ಬಿಳಿ ಬೆನ್ನು ಮಿಣುಕಿದರೆ ಇನ್ನಷ್ಟು ಇಳಿಸಿ. ಬಣ್ಣದ ಕೊಕ್ಕರೆಯ ಬಾಲದ ಹತ್ತಿರದ ಆ ಗುಲಾಬಿ ಗರಿಗಳು ಬೆಳಕು ಸರಿಯಿದ್ದಾಗ ಎಷ್ಟು ಚಂದ ಅಂತ ಒಮ್ಮೆ ನೋಡಿದವರಿಗೆ ಈ ಶ್ರಮ ಹೆಚ್ಚು ಅನ್ನಿಸಲ್ಲ.

ಬಿಸಿಲು, ದೂರ, ತಾಳ್ಮೆ

ಚಳಿಗಾಲದಲ್ಲಿ ನಂಜನಗೂಡು ಕಡೆಯ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ದೂರದಲ್ಲಿ ಕೂತಿರುತ್ತವೆ, ಬಿಸಿಲೇರಿದ ಮೇಲೆ ತೆಗೆದರೆ ಎಲ್ಲ ಕರಗಿದ ಹಾಗೆ ಬರುತ್ತೆ. ನೆಲ ಕಾದು ಮೇಲೇಳುವ ಬಿಸಿಗಾಳಿ ಬೆಳಕನ್ನು ಅತ್ತಿತ್ತ ಬಾಗಿಸುತ್ತೆ. ಎಷ್ಟು ಒಳ್ಳೆ ಲೆನ್ಸ್ ಆದರೂ ಇದಕ್ಕೆ ಪರಿಹಾರ ಇಲ್ಲ, ದೊಡ್ಡ ಲೆನ್ಸ್ ಆ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತೆ ಅಷ್ಟೆ. ಬೆಳಿಗ್ಗೆ ಬೇಗ ಹೋಗಿ, ಸೂರ್ಯ ಬೆನ್ನ ಹಿಂದಿರುವ ಹಾಗೆ ಪೂರ್ವದ ದಡದಲ್ಲಿ ಕೂತು ಪಶ್ಚಿಮಕ್ಕೆ ನೋಡಿ.

ದೂರ ಕಡಿಮೆ ಮಾಡೋದೂ ಗುಣಮಟ್ಟವೇ. ಆದರೆ ಹಕ್ಕಿಯ ಕಡೆ ನಡೆಯಬೇಡಿ, ಕೂತುಬಿಡಿ. ಮಿಂಚುಳ್ಳಿ ಮೀನು ಹಿಡಿದ ಮೇಲೆ ಅದೇ ಕಡ್ಡಿಗೆ ವಾಪಸ್ ಬರೋದು ಹೆಚ್ಚು. ಆ ಕಡ್ಡಿಗೆ ಫೋಕಸ್ ಮಾಡಿಕೊಂಡು ತಗ್ಗಾಗಿ ಸುಮ್ನೆ ಕೂತಿದ್ದರೆ ಅದೇ ಹತ್ತಿರ ಬರುತ್ತೆ, ಹಿನ್ನೆಲೆ ದೂರ ಸರಿದು ತಿಳಿಯಾಗುತ್ತೆ.

ಗೂಡಿನ ಕಾಲದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಹಾರುವ ಚಿತ್ರಕ್ಕೆಂದು ಚಪ್ಪಾಳೆ ತಟ್ಟೋದು, ಕಲ್ಲು ಎಸೆಯೋದು ಬೇಡವೇ ಬೇಡ. ತಾಯಿ ಎದ್ದು ಹೋದರೆ ಮರಿ ಬಿಸಿಲಿಗೆ ಬೇಯುತ್ತೆ, ಕಾಗೆ ಹದ್ದುಗಳು ಮೊಟ್ಟೆಗೆ ಕಾದಿರುತ್ತವೆ. ಕಾಡುಹಕ್ಕಿಯ ಗೂಡಿಗೆ ತೊಂದರೆ ಕೊಡೋದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಮನೆಗೆ ಬಂದ ಮೇಲೆ

ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲ್) ತೆಗೆಯಿರಿ, ಬೆಳಕು ತಿದ್ದಲು ಅವಕಾಶ ಜಾಸ್ತಿ. ಮೊದಲು ಕಾಳು ತೆಗೆಯಿರಿ, ಶಾರ್ಪ್ ಮಾಡೋದು ಕೊನೆಗೆ, ಅದೂ ಸ್ವಲ್ಪವೇ. ಹಕ್ಕಿಯ ಸುತ್ತ ಬಿಳಿ ಗೆರೆ ಮೂಡಿದರೆ ಜಾಸ್ತಿ ಆಯ್ತು ಅಂತ ಅರ್ಥ. ಕತ್ತರಿಸುವಾಗ ಲೆಕ್ಕ ಇರಲಿ: 24 ಮೆಗಾಪಿಕ್ಸೆಲ್ ಅಂದರೆ ಸುಮಾರು 6000x4000. ಅದರ ಕಾಲು ಭಾಗ ಉಳಿಸಿಕೊಂಡರೆ 3000x2000, ಹತ್ತು ಇಂಚು ಅಗಲದ ಒಳ್ಳೆ ಪ್ರಿಂಟಿಗೆ ಸಾಕು. ಅದಕ್ಕಿಂತ ಕತ್ತರಿಸಬೇಕಾಗಿ ಬಂದರೆ ಹಕ್ಕಿ ತೀರಾ ದೂರ ಇತ್ತು ಅಂತ ಬಿಟ್ಟುಬಿಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಅಂತ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ. ಮಳೆಗಾಲದಲ್ಲಿ ಲೆನ್ಸನ್ನು ಬೀರುವಿನ ಕತ್ತಲಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬೇಡಿ, ಫಂಗಸ್ ಹಿಡಿಯುತ್ತೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟು, ಆಗಾಗ ಹೊರಗೆ ತೆಗೆದು ಬಳಸುತ್ತಿರಿ.