ಟ್ಯೂಬ್ ಒಳಗೇ ಕರಗುತ್ತಿದ್ದ ಶುಗರ್: ನನ್ನ ಅನುಭವ

ಮಷೀನ್ ಸರಿ ಇತ್ತು. ಕಿಟ್ ಸರಿ ಇತ್ತು. ಕ್ಯೂಸಿ, ಅಂದರೆ ಉತ್ತರ ಗೊತ್ತಿರುವ ಸೀರಂ ಹಾಕಿ ಮಷೀನನ್ನು ಪರೀಕ್ಷಿಸುವುದು, ದಿನವೂ ಗೆರೆಯೊಳಗೇ ಬರುತ್ತಿತ್ತು. ಹಾಗಾಗಿಯೇ "ನಮ್ಮಲ್ಲಿ ಫಾಸ್ಟಿಂಗ್ ಶುಗರ್ ಕಡಿಮೆ ಬರುತ್ತಿದೆ" ಎಂದು ನಾನು ಹೇಳಿದಾಗ ಲ್ಯಾಬ್‌ನಲ್ಲಿ ಒಬ್ಬರೂ ನಂಬಲಿಲ್ಲ. ಸೀನಿಯರ್ ಅಂತೂ ಕ್ಯೂಸಿ ಚಾರ್ಟನ್ನು ನನ್ನ ಮುಂದೆ ಹಿಡಿದು ನಕ್ಕರು. ಆ ನಗು ಸುಮಾರು ಎಂಟು ತಿಂಗಳು ತಲೆಯಲ್ಲಿ ಕೂತಿತ್ತು.

ಅನುಮಾನ ಶುರುವಾಗಿದ್ದು ಎ1ಸಿಯಿಂದ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆಯಿಂದ. ಎ1ಸಿ 6.7, 6.8 ಇದ್ದು ಡಯಾಬಿಟಿಸ್ ಎನ್ನಿಸುವವರಿಗೂ ಫಾಸ್ಟಿಂಗ್ ಮಾತ್ರ 110ರ ಆಸುಪಾಸು ಬರುತ್ತಿತ್ತು. ಒಬ್ಬಿಬ್ಬರಾದರೆ ಬಿಟ್ಟುಬಿಡಬಹುದು. ಕಬ್ಬಿಣದ ಕೊರತೆ ಇದ್ದರೂ ಎ1ಸಿ ಸ್ವಲ್ಪ ಏರುತ್ತೆ, ಅಲ್ವಾ? ಆದರೆ ಹಿಮೋಗ್ಲೋಬಿನ್ ಚೆನ್ನಾಗಿದ್ದವರಿಗೂ ಇದೇ ಕಥೆ.

ಆಮೇಲೆ ಬಂತು ಆ ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್) ಸ್ಯಾಂಪಲ್. ಬಿಳಿ ಕಣ ಒಂದು ಲಕ್ಷ ದಾಟಿತ್ತು. ಸಾದಾ ಟ್ಯೂಬ್, ಶುಗರ್ 34. ಗಾಬರಿಯಾಗಿ ಹೊರಗೆ ಓಡಿದೆ. ಆ ರೋಗಿ ರಿಪೋರ್ಟಿಗೆ ಕಾಯುತ್ತಾ ಆರಾಮಾಗಿ ಹರಟೆ ಹೊಡೆಯುತ್ತಿದ್ದರು. ಬೆರಳು ಚುಚ್ಚಿ ನೋಡಿದರೆ 98. ಟ್ಯೂಬ್ ಬೆಂಚಿನ ಮೇಲೆ ಮೂರು ಗಂಟೆ ಕೂತಿತ್ತು. ಅಷ್ಟರಲ್ಲಿ ಒಳಗಿನ ಕಣಗಳು ಊಟ ಮುಗಿಸಿದ್ದವು.

ಅವತ್ತೇ ನನಗೆ ಹೊಳೆದಿದ್ದು: ಕ್ಯೂಸಿ ಸೀರಂನಲ್ಲಿ ಕಣಗಳೇ ಇಲ್ಲ. ತಿನ್ನುವವರೇ ಇಲ್ಲದ ಮನೆಯಲ್ಲಿ ಸಕ್ಕರೆ ಡಬ್ಬಿ ಖಾಲಿಯಾಗುತ್ತಾ? ಚಾರ್ಟ್ ಚೆಂದ ಕಾಣುವುದು ಅದಕ್ಕೇ.

ಶುಗರ್ ಕರಗದಿರಲಿ ಅಂತಲೇ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಟ್ಯೂಬ್ ಇದೆಯಲ್ಲ ಅಂತ ನೀವು ಕೇಳುತ್ತೀರಿ. ನಾನೂ ಹಾಗೇ ನಂಬಿದ್ದೆ. ಫ್ಲೋರೈಡ್ ತಡೆಯುವುದು ಎನೊಲೇಸ್ ಕಿಣ್ವವನ್ನು, ಅದು ಗ್ಲೈಕಾಲಿಸಿಸ್, ಅಂದರೆ ಕಣಗಳು ಗ್ಲೂಕೋಸ್ ಒಡೆಯುವ ದಾರಿಯ ಕೆಳತುದಿಯಲ್ಲಿದೆ. ಕೆಳಗಿನ ಗೇಟು ಹಾಕಿದರೂ ಮೇಲಿನ ಬಾಗಿಲಿಂದ ಗ್ಲೂಕೋಸ್ ಒಳಗೆ ಹೋಗುತ್ತಲೇ ಇರುತ್ತೆ. ಪೂರ್ತಿ ನಿಲ್ಲಲು ಒಂದೆರಡು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ನನ್ನದೇ ರಕ್ತ ಎಳೆದು ನೋಡಿದೆ. ತಕ್ಷಣ ಸ್ಪಿನ್ ಮಾಡಿದ್ದು, ಅಂದರೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಕಣ ಬೇರೆ ಮಾಡಿದ್ದು, 97. ಬೂದು ಟ್ಯೂಬಿನಲ್ಲಿ ಎರಡು ಗಂಟೆ ಬಿಟ್ಟಿದ್ದು 91. ಸಾದಾ ಟ್ಯೂಬಿನಲ್ಲಿ ಬಿಟ್ಟಿದ್ದು 85ರ ಹತ್ತಿರ.

ಆರು ಎಂದರೆ ಏನು ಮಹಾ ಅಂತ ಸೀನಿಯರ್ ಅಂದರು. ಗರ್ಭಿಣಿಯರ ಜಿಟಿಟಿಯಲ್ಲಿ, ಅಂದರೆ ಗ್ಲೂಕೋಸ್ ಕುಡಿಸುವ ಮುಂಚೆ ಮತ್ತು ಆಮೇಲೆ ರಕ್ತ ನೋಡುವ ಪರೀಕ್ಷೆಯಲ್ಲಿ, ಅದೇ ಮಹಾ. ಡಯಾಬಿಟಿಸ್ ಎನ್ನಲು ಫಾಸ್ಟಿಂಗ್ ಗೆರೆ 92, ಒಂದು ಗಂಟೆಯದು 180, ಎರಡು ಗಂಟೆಯದು 153. ನಾವು ಮಾಡುತ್ತಿದ್ದದ್ದು ಏನು? ಮೂರೂ ಟ್ಯೂಬ್ ಸೇರಲಿ ಅಂತ ಕಾದು, ಒಟ್ಟಿಗೆ ಸ್ಪಿನ್. ಅಂದರೆ ಗೆರೆ ಅತಿ ಕೆಳಗಿರುವ ಫಾಸ್ಟಿಂಗ್ ಟ್ಯೂಬೇ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರುತ್ತಿತ್ತು. 95 ಇದ್ದವರು 89 ಆಗಿ ನಾರ್ಮಲ್ ಎಂದು ಮನೆಗೆ ಹೋಗುತ್ತಿದ್ದರು.

ಇನ್ನು ನಾನು ಕೆಡಿಸಿದ್ದರ ಲೆಕ್ಕ. ಮೊದಲು ಫ್ಲೋರೈಡ್ ಜಾಸ್ತಿ ಹಾಕಿದರೆ ಬೇಗ ನಿಲ್ಲಬಹುದು ಅಂದುಕೊಂಡೆ. ಕಣ ಒಡೆದು ಮೂರು ದಿನ ಪ್ಲಾಸ್ಮಾ (ಕಣ ತೆಗೆದ ಮೇಲಿನ ದ್ರವ) ಕೆಂಪಾಗಿದ್ದು ನೋಡಿ ಬಿಟ್ಟೆ. ಆಮೇಲೆ ಐಸ್ ತುಂಡಿನ ಮೇಲೆ ಟ್ಯೂಬ್ ಇಟ್ಟೆ. ತುಂಡುಗಳ ನಡುವೆ ಬರೀ ಗಾಳಿ, ಟ್ಯೂಬಿನ ಒಂದು ಬದಿ ಬಿಟ್ಟರೆ ಉಳಿದದ್ದು ತಣ್ಣಗಾಗಲೇ ಇಲ್ಲ. ಇನ್ನೂ ತಣ್ಣಗಾಗಲಿ ಅಂತ ಐಸ್‌ಗೆ ಉಪ್ಪು ಹಾಕಿದ್ದು ನನ್ನ ದಡ್ಡತನದ ಶಿಖರ. ರಕ್ತವೇ ಮಂಜುಗಡ್ಡೆಯಾಗಿ ಕಣಗಳೆಲ್ಲ ಒಡೆದವು. ಅವತ್ತು ಹನ್ನೆರಡೋ ಹದಿಮೂರೋ ಜನರನ್ನು ಮತ್ತೆ ಕರೆಸಬೇಕಾಯಿತು. ಮರುಪರೀಕ್ಷೆಯ ಖರ್ಚು ನನ್ನ ಸಂಬಳದಿಂದಲೇ ಹೋಯಿತು. ನ್ಯಾಯವೇ ಬಿಡಿ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಶುಗರ್ ಟ್ಯೂಬಿನ ಜೊತೆ ಎಲೆಕ್ಟ್ರೊಲೈಟ್ (ರಕ್ತದ ಲವಣ) ನೋಡುವ ಟ್ಯೂಬನ್ನೂ ಐಸ್‌ನಲ್ಲಿ ಹಾಕಿ ಮಧ್ಯಾಹ್ನದವರೆಗೆ ಮರೆತೆ. ಪೊಟ್ಯಾಸಿಯಂ ಸುಳ್ಳೇ ಏರಿ 6 ದಾಟಿತು. ತಣ್ಣಗಿದ್ದರೆ ಪೊಟ್ಯಾಸಿಯಂ ಒಳಗೆಳೆಯುವ ಕಣದ ಪಂಪ್ ಮಲಗುತ್ತೆ, ಪೊಟ್ಯಾಸಿಯಂ ಹೊರಗೆ ಸೋರುತ್ತೆ. ಇದನ್ನು ಓದಿದವನೇ ನಾನು. ಆದರೂ ಆಯಿತು.

ಸಿಟ್ರೇಟ್ ಟ್ಯೂಬ್ ಕೂಡ ತರಿಸಿದೆ. ಅದು ಆಮ್ಲ ಮಾಡಿ ಮೇಲಿನ ಬಾಗಿಲನ್ನೇ ಮುಚ್ಚುತ್ತೆ, ಕೆಲಸ ಒಳ್ಳೆಯದು. ಆದರೆ ಬೂದು ಟ್ಯೂಬಿಗಿಂತ ಎಷ್ಟೋ ಪಟ್ಟು ದುಬಾರಿ. ಚೆನ್ನಾಗಿ ಹತ್ತು ಸಲ ತಿರುಗಿಸದಿದ್ದರೆ ಪುಡಿ ಕರಗುವುದಿಲ್ಲ. ಬೆಳಗಿನ ಗಡಿಬಿಡಿಯಲ್ಲಿ ಹತ್ತು ಸಲ ಯಾರು ತಿರುಗಿಸುತ್ತಾರೆ? ಅರ್ಧ ಪೆಟ್ಟಿಗೆ ಅವಧಿ ಮುಗಿದು ಕಸಕ್ಕೆ ಹೋಯಿತು.

ಕೊನೆಗೆ ಗೆದ್ದದ್ದು ಅತಿ ಅಗ್ಗದ್ದು. ಪುಡಿ ಐಸ್ ಮತ್ತು ನೀರು ಕಲಸಿದ ಡಬ್ಬಿ, ರಕ್ತ ಎಳೆದ ಜಾಗದಲ್ಲೇ. ಟ್ಯೂಬ್ ಕುತ್ತಿಗೆವರೆಗೆ ಮುಳುಗಬೇಕು. ಅರ್ಧ ಗಂಟೆಯೊಳಗೆ ಸ್ಪಿನ್, ಪ್ಲಾಸ್ಮಾ ಬೇರೆ. ಜಿಟಿಟಿ ಆದರೆ ಪ್ರತಿ ಟ್ಯೂಬಿಗೂ ಬೇರೆ ಸ್ಪಿನ್, ಕಾಯುವ ಮಾತೇ ಇಲ್ಲ. ಇದಕ್ಕಾಗಿ ಒಂದು ಸಣ್ಣ ಹಳೇ ಸೆಂಟ್ರಿಫ್ಯೂಜನ್ನು ನನ್ನ ದುಡ್ಡಿನಲ್ಲೇ ತಂದೆ, ಲ್ಯಾಬ್ ಯಜಮಾನರು ಒಪ್ಪಿರಲಿಲ್ಲ. ಡಬ್ಬಿ ಇಡೀ ಬೆಳಗ್ಗೆ ಒಂದೇ ಹದದಲ್ಲಿ ಇರುವಂತೆ ಮಾಡಲು ಒಂದು ಉಪಾಯವಿದೆ. ಅದನ್ನು ಈಗ ಹೇಳುವುದಿಲ್ಲ, ಅದಕ್ಕೆ ಎರಡು ತಿಂಗಳು ಒದ್ದಾಡಿದ್ದೇನೆ.

ಸುಮಾರು 40 ಜನರ ರಕ್ತವನ್ನು, ಅವರನ್ನು ಕೇಳಿಯೇ, ಎರಡೆರಡು ಟ್ಯೂಬಿನಲ್ಲಿ ಎಳೆದೆ. ಹಳೇ ರೀತಿ ಒಂದು, ಹೊಸ ರೀತಿ ಒಂದು. ಒಂದು ಇಡೀ ಕಿಟ್ ಇದಕ್ಕೇ ಹೋಯಿತು. ವ್ಯತ್ಯಾಸ ಸರಾಸರಿ ಐದರಿಂದ ಏಳು, ನೆನಪಿನಿಂದ ಹೇಳುತ್ತಿದ್ದೇನೆ. ನಾಲ್ಕೈದು ಜನ ಪ್ರೀಡಯಾಬಿಟಿಸ್ (ಡಯಾಬಿಟಿಸ್‌ನ ಹೊಸ್ತಿಲು) ಶುರುವಾಗುವ 100ರ ಗೆರೆ ದಾಟಿದರು, ಇಬ್ಬರು ಡಯಾಬಿಟಿಸ್‌ನ 126ರದ್ದು. ಆ ಇಬ್ಬರದೂ ಎ1ಸಿ 6.5ಕ್ಕಿಂತ ಮೇಲೇ ಇತ್ತು. ಸೀನಿಯರ್ ಹಾಳೆಯನ್ನು ಎರಡು ಸಲ ನೋಡಿದರು, ನಗಲಿಲ್ಲ. ಯಜಮಾನರ ಚಿಂತೆಯೇ ಬೇರೆ: ಎಲ್ಲರಿಗೂ ಶುಗರ್ ಜಾಸ್ತಿ ಬಂದರೆ ಜನ ಬೇರೆ ಲ್ಯಾಬ್‌ಗೆ ಹೋಗುತ್ತಾರಲ್ಲ! ಒಂದು ತಿಂಗಳು ಒಂದಿಷ್ಟು ಜನ ಹೋದರು ಕೂಡ. ಡಾಕ್ಟರುಗಳು ವಾಪಸ್ ಕಳಿಸಿದರು.

ಈ ನಡುವೆ ಸುಮ್ನೆ ಕುತೂಹಲಕ್ಕೆ ನನ್ನ ಮೇಲೇ 75 ಗ್ರಾಂ ಜಿಟಿಟಿ ಮಾಡಿಕೊಂಡೆ. ಮೊದಲು ನಾಲ್ಕು ದಿನ ಪಿಷ್ಟ, ಸಕ್ಕರೆ ಬಹುತೇಕ ಬಿಟ್ಟು ಕುಡಿದಾಗ ಎರಡು ಗಂಟೆಯದು 158. ಪ್ರೀಡಯಾಬಿಟಿಸ್ ಅಂತ ಬರೆಯಬೇಕಾದ ನಂಬರ್! ಮತ್ತೊಂದು ವಾರ ಎಂದಿನಂತೆ ಉಂಡು ಮಾಡಿದಾಗ 112. ಸಕ್ಕರೆ ಬರದೆ ಸುಮ್ಮನಿದ್ದ ದೇಹ ಒಮ್ಮೆಗೇ 75 ಗ್ರಾಂ ಬಂದರೆ ತಡಬಡಾಯಿಸುತ್ತೆ. ಮೂರು ದಿನ ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬೋಹೈಡ್ರೇಟ್ ತಿಂದು ಬನ್ನಿ ಎನ್ನುವುದು ಇದಕ್ಕೇ. ಪರೀಕ್ಷೆ ಇದೆ ಅಂತ ಹೆದರಿ ಊಟ ಬಿಟ್ಟು ಬರುವವರು ಎಷ್ಟು ಜನ! ಈಗ ಜಿಟಿಟಿಗೆ ಬಂದವರಿಗೆ ನನ್ನ ಮೊದಲ ಪ್ರಶ್ನೆಯೇ ಇದು.

ಟ್ಯೂಬಿನ ಮೇಲೆ ಈಗ ಎರಡು ಸಮಯ ಬರೆಯುತ್ತೇವೆ, ಎಳೆದದ್ದು ಮತ್ತು ಸ್ಪಿನ್ ಆದದ್ದು. ಎರಡೂ ಇಲ್ಲದಿದ್ದರೆ ನಾನು ಶುಗರ್ ರನ್ ಮಾಡುವುದಿಲ್ಲ. ಸದ್ಯ ಅದೇ ಡಬ್ಬಿಯಲ್ಲಿ ಲ್ಯಾಕ್ಟೇಟ್ ಅಳೆಯುವ ಪ್ರಯತ್ನ ನಡೆದಿದೆ. ಕಣಗಳು ಕದ್ದ ಗ್ಲೂಕೋಸ್ ಕೊನೆಗೆ ಲ್ಯಾಕ್ಟೇಟ್ ತಾನೇ ಆಗುವುದು. ಎರಡು ಸಲ ಕೆಟ್ಟಿದೆ, ಮೂರನೆಯದು ಸೋಮವಾರ.