ಬಿಳಿ ಗಂಟಿನಲ್ಲಿ ಇಣುಕುವ ಕೆಂಪು

ಆಗಸ್ಟ್ ಮೊದಲ ಭಾನುವಾರದ ಸ್ನೇಹಿತರ ದಿನ ಹತ್ತಿರ ಬಂತು ಅಂದ್ರೆ ಮಲ್ಲೇಶ್ವರದ ನಮ್ಮ ಮನೆಯಲ್ಲಿ ಕಾಲಿಟ್ಟ ಕಡೆಯೆಲ್ಲ ದಾರ. ಮೊಮ್ಮಗಳು ಅರ್ಧ ಹೆಣೆದ ಫ್ರೆಂಡ್‌ಶಿಪ್ ಬ್ಯಾಂಡ್ ತಂದು ನನ್ನ ತೊಡೆ ಮೇಲೆ ಹಾಕಿದಳು. "ಅಜ್ಜಿ, ಬಿಳಿ ಪಟ್ಟೆಯಲ್ಲಿ ಕೆಂಪು ಚುಕ್ಕೆ ಯಾಕೆ ಬರ್ತಿದೆ ನೋಡು." ನಾನು ಇಷ್ಟು ವರ್ಷ ಕಟ್ಟಿದ್ದು ಸೀರೆ ಕುಚ್ಚು. ಆದರೂ ದಾರದ ಬುದ್ಧಿ ಎಲ್ಲಿ ಹೋದರೂ ಒಂದೇ.

ಪ್ರತಿ ಗಂಟಿಗೂ ಎರಡು ದಾರ. ಒಂದು ಸುತ್ತುತ್ತದೆ, ಇನ್ನೊಂದು ಸುತ್ತಿಸಿಕೊಳ್ಳುತ್ತದೆ. ಮೇಲೆ ಕಾಣುವುದು ಸುತ್ತಿದ್ದರ ಬಣ್ಣ. ಒಳಗಿನದು ಅಡಗಿರಬೇಕು. ಇವಳು ಬಿಳಿಯನ್ನು ಜೋರಾಗಿ ಎಳೆದು, ಒಳಗಿನ ಕೆಂಪನ್ನು ಸಡಿಲ ಬಿಟ್ಟಿದ್ದಳು. ಸಡಿಲ ದಾರ ಬಾಗಿ ಮೇಲೆದ್ದು ಇಣುಕುತ್ತದೆ. ಒಳಗಿನ ದಾರವನ್ನು ತಂಬೂರಿ ತಂತಿಯ ಹಾಗೆ ಬಿಗಿಯಾಗಿ, ನೇರವಾಗಿ ಹಿಡಿಯಬೇಕು. ಸುತ್ತುವ ದಾರವನ್ನು ಅದರ ಮೇಲಿಂದ 4 ಅಂಕಿಯ ಹಾಗೆ ಹಾಯಿಸಿ, ಅಡಿಯಿಂದ ಆ 4ರ ಕಂಡಿಯೊಳಗೆ ತಂದು, ಮೆಲ್ಲಗೆ ಮೇಲಕ್ಕೆ ಸರಿಸಿ. ಮತ್ತೆ ಅದನ್ನೇ ಮಾಡಿ. ಎರಡು ಸುತ್ತಿಗೆ ಒಂದು ಗಂಟು. ಮಕ್ಕಳು ಅವಸರಕ್ಕೆ ಒಂದೇ ಸುತ್ತು ಹಾಕಿಬಿಡುತ್ತಾರೆ, ಅಲ್ಲೇ ಬಣ್ಣ ಕೆಡೋದು.

ಹೆಸರು ಬರೆಯುವ ಬ್ಯಾಂಡಿಗೆ ಇನ್ನಷ್ಟು ಗಮನ ಬೇಕು. ಹಿನ್ನೆಲೆಯ ದಾರ ಎಡದಿಂದ ಬಲಕ್ಕೆ ಹೊರಟಿದೆ ಅಂದುಕೊಳ್ಳಿ. ಹಿನ್ನೆಲೆ ಬಣ್ಣವೇ ಬೇಕಾದ ಕಡೆ ಅದು ಸುತ್ತಲಿ. ಅಕ್ಷರದ ಬಣ್ಣ ಬೇಕಾದ ಕಡೆ ಮುಂದಿರುವ ಅಕ್ಷರದ ದಾರವೇ ಬಲದಿಂದ ಬಂದು ಇದನ್ನು ಸುತ್ತಲಿ. ಎರಡರಲ್ಲೂ ಹಿನ್ನೆಲೆಯ ದಾರ ಒಂದು ಹೆಜ್ಜೆ ಬಲಕ್ಕೆ ಹೋಗಿರಬೇಕು. ಅದು ಹಿಂದಕ್ಕೆ ಬಂದಿದ್ದರೆ ಗಂಟು ತಪ್ಪಿದೆ ಅಂತಲೇ ಲೆಕ್ಕ. ಈ ಹಿನ್ನೆಲೆಯ ದಾರ ತುಂಬಾ ಖರ್ಚಾಗುತ್ತದೆ, ಗಜ ಅಳೆದು ಕತ್ತರಿಸಬೇಡಿ. ಲಡಿಯಲ್ಲೇ ಬಿಡಿ. ವಿ ಆಕಾರದ ವಿನ್ಯಾಸವಾದರೆ ನಡುವಿನ ಗಂಟು ಪ್ರತಿ ಸಾಲಲ್ಲೂ ಒಂದೇ ಕಡೆಯಿಂದ ಬರಲಿ, ಇಲ್ಲದಿದ್ದರೆ ಮೂತಿ ಸೊಟ್ಟ.

ನಡುವೆ ದಾರ ಮುಗಿದರೆ, ಅಥವಾ ಹೊಸ ಬಣ್ಣ ಬೇಕಾದರೆ, ತುದಿಗೆ ತುದಿ ಗಂಟು ಹಾಕಬೇಡಿ. ಆ ಗುಬಟು ಜನ್ಮದಲ್ಲಿ ಅಡಗುವುದಿಲ್ಲ. ಹಳೆಯದು ಒಳಗೆ ಅಡಗುವ ಸರದಿ ಬರುವವರೆಗೆ ಕಾಯಿರಿ. ಆಗ ಹೊಸದನ್ನು ಪಕ್ಕದಲ್ಲಿ ಸೇರಿಸಿ ಎರಡನ್ನೂ ಒಟ್ಟಿಗೆ ಹಿಡಿದು, ಎರಡು ಮೂರು ಗಂಟು ಅವುಗಳ ಮೇಲೆ ಬೀಳಲಿ. ಆಮೇಲೆ ಹಳೆಯದನ್ನು ಹಿಂಬದಿಗೆ ಬಿಟ್ಟು ಹೊಸದರಲ್ಲಿ ಮುಂದುವರಿಯಿರಿ. ಕಸೂತಿ ದಾರದಲ್ಲಿ ಆರು ಎಳೆ ಇರುತ್ತದಲ್ಲ, ದಪ್ಪ ಅನ್ನಿಸಿದರೆ ಜೋಡಿಸುವ ಕಡೆ ಎರಡರಲ್ಲೂ ಮೂರು ಮೂರು ಎಳೆ ಹಿಂದೆ ಬಿಡಿ. ಬಾಲ ಮೂರು ನಾಲ್ಕು ಇಂಚು ಇರಲಿ. ಕೊನೆಗೆ ಮೊಂಡು ಸೂಜಿಯಲ್ಲಿ ಹಿಂಬದಿಯ ಗಂಟುಗಳ ಅಡಿ ತೂರಿಸಿ ಕತ್ತರಿಸಿ. ಕೆಲವರು ಉಗುರು ಬಣ್ಣ ಹಚ್ಚುತ್ತಾರೆ. ನನಗೆ ಅದು ಹಿಡಿಸೋಲ್ಲ, ಒಣಗಿ ಮಣಿಕಟ್ಟಿಗೆ ಚುಚ್ಚುತ್ತದೆ.

ಒಮ್ಮೆ ಚಿಕ್ಕಪೇಟೆಯ ಕಡೆ ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕಂದುಗೆಂಪು ದಾರ ತಂದು, ಕೆನೆ ಬಣ್ಣದ ಸೀರೆಗೆ ಕುಚ್ಚು ಕಟ್ಟಿದ್ದೆ. ಮೊದಲ ಒಗೆತಕ್ಕೇ ಸೆರಗು ಗುಲಾಬಿ! ಅಂದಿನಿಂದ ಗಾಢ ಬಣ್ಣದ ದಾರ ಬಂದರೆ ಒಂದು ತುಂಡು ನೆನೆಸಿ, ಬಿಳಿ ಬಟ್ಟೆಯಲ್ಲಿ ಒತ್ತಿ ನೋಡದೆ ಕೆಲಸಕ್ಕೆ ಕೂರುವುದಿಲ್ಲ.

ತಪ್ಪು ಗಂಟು ಕಂಡರೆ ಆಗಲೇ ಪಿನ್ನಿನ ತುದಿಯಲ್ಲಿ ಬಿಚ್ಚಿ. ಐದು ಸಾಲು ದಾಟಿ ಹೋಗಿದ್ದರೆ ಸುಮ್ನೆ ಬಿಟ್ಟುಬಿಡಿ. ಬಿಚ್ಚುತ್ತಾ ಹೋದರೆ ಎಳೆ ಎದ್ದು ದಾರ ಹತ್ತಿಯಾಗುತ್ತದೆ. ಮೊಮ್ಮಗಳು ಕೇಳಲಿಲ್ಲ, ಅಷ್ಟನ್ನೂ ಬಿಚ್ಚಿದಳು. ಈಗ ಹೊಸ ಬಿಳಿ ಲಡಿ ಬೇಕಂತೆ.